ಹೆಸರಿಲ್ಲದ ಗೆರೆಗಳು
ಸ್ಮಾರಕ ಅಂದ ಕೂಡಲೇ ಎತ್ತರದ ಪೀಠ, ಅದರ ಮೇಲೊಬ್ಬ ದೊಡ್ಡ ಮನುಷ್ಯ ನೆನಪಿಗೆ ಬರುತ್ತಾನೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಮುಗಿದ ಗುಲಾಮ ಶ್ರಮಿಕರ ಸ್ಮಾರಕಕ್ಕೆ ಪೀಠವೇ ಇಲ್ಲ. 80 ಅಡಿ ವ್ಯಾಸದ ಗ್ರಾನೈಟ್ ಬಳೆ, ಒಂದು ಕಡೆ ತೆರೆದಿದೆ; ಯಾರು ಬೇಕಾದರೂ ಒಳಗೆ ನಡೆದು ಹೋಗಬಹುದು.

ಆ ಕ್ಯಾಂಪಸ್ ಕಟ್ಟಿ, ನಡೆಸಿದ ಗುಲಾಮರು ಸುಮಾರು 4,000 ಮಂದಿ. ಒಳಗೋಡೆಯಲ್ಲಿ ತಲೆಗೊಂದು ಅಡ್ಡ ಗೆರೆ, ಕಲ್ಲಿಗೇ ಗಾಯವಾದ ಹಾಗೆ. ಹೆಸರು ಸಿಕ್ಕಿದ್ದರೆ ಗೆರೆಯ ಮೇಲೆ ಹೆಸರು. ಕೆಲವರಿಗೆ ಕಸುಬು ಇಲ್ಲವೇ ನೆಂಟಸ್ತಿಕೆ ಮಾತ್ರ. ಹೆಚ್ಚಿನವರಿಗೆ ಬರೀ ಗೆರೆ. ಮಳೆ ಬಂದರೆ ಆ ಗೆರೆಗಳಲ್ಲಿ ನೀರು ನಿಂತು, ತುಂಬಿ, ಕಲ್ಲಿನ ಮೇಲೆ ಇಳಿಯುತ್ತದೆ. ನೋಡುತ್ತಾ ನಿಂತರೆ ಕಣ್ಣು ತುಂಬುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಹೆಸರಿಲ್ಲದ ಗೆರೆಗಳ ಮೇಲಿನ ಆ ಖಾಲಿ ಜಾಗ. ನಾಳೆ ಇನ್ನೊಂದು ಹೆಸರು ಪತ್ತೆಯಾದರೆ ಅಲ್ಲೇ ಕೊರೆಯಬಹುದು. ಇಂಥ ಸ್ಮಾರಕ ಕಟ್ಟುವವರು ದಾಖಲೆ ಹುಡುಕಿ ಮುಗಿಯುವ ಮೊದಲೇ ಫಲಕ ತುಂಬಿಸಿಬಿಟ್ಟರೆ, ಆಮೇಲೆ ಸಿಕ್ಕವರು ಮತ್ತೆ ಹೊರಗೇ ಉಳಿಯುತ್ತಾರೆ. ಅಕ್ಷರ ತೆಳುವಾಗಿ ಕೊರೆದು ಬಣ್ಣ ತುಂಬುವುದೂ ಬೇಡ, ಬಿಸಿಲು ಮಳೆಗೆ ಬಣ್ಣ ಹೋಗುತ್ತದೆ. ಆಳವಾಗಿ ಕೊರೆದರೆ ನೆರಳೇ ಹೆಸರನ್ನು ಓದಿಸುತ್ತದೆ.