ಅರ್ಕಾವತ್ತು ಕೊನೆಗೂ ತನ್ನ ಜಾಗಕ್ಕೆ ಬಂತು

ಮೊನ್ನೆ ಶನಿವಾರ ರಾತ್ರಿ ಹನ್ನೊಂದೂವರೆಗೆ ಫೋನು ‘ಕೀರ್ತಿವರ್ಮ’ ಅಂತ ಸರಿಯಾಗಿ ಓದಿತು. ಮೂರು ವಾರದಿಂದ ಅದರ ಬಾಯಲ್ಲಿ ‘ಕೀತಿರ್ವಮರ್’ ಬಿಟ್ಟು ಬೇರೇನೂ ಬಂದಿರಲಿಲ್ಲ. ಖುಷಿಗೆ ಜೋರಾಗಿ ಕೂಗಿಬಿಟ್ಟೆ. ಹಾಸ್ಟೆಲಿನ ಪಕ್ಕದ ರೂಮಿನವರು ಬಾಗಿಲು ತಟ್ಟಿ ಸ್ಕೋರ್ ಎಷ್ಟು ಅಂತ ಕೇಳಿದರು.

ನಮ್ಮ ಎನ್‌ಎಸ್‌ಎಸ್ ಘಟಕ ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಒಬ್ಬ ಅಣ್ಣ ದಿನಾ ಅಲ್ಲಿಗೆ ಬರುತ್ತಾರೆ. ಅವರಿಗೆ ಕಣ್ಣು ಕಾಣಿಸುವುದಿಲ್ಲ. ಫೋನಿನ ಟಾಕ್‌ಬ್ಯಾಕ್ ಓದುತ್ತದೆ, ಅವರು ಕೇಳಿ ಕಲಿಯುತ್ತಾರೆ. ಕರ್ನಾಟಕ ಇತಿಹಾಸದ ಒಳ್ಳೆಯ ನೋಟ್ಸ್ ಅಲ್ಲಿದೆ. ಆದರೆ ಅಷ್ಟೂ ಹಳೇ ನುಡಿ ಫಾಂಟಿನಲ್ಲಿ, ಅಂದರೆ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫೋನಿಗೆ ಅದು ಕನ್ನಡವೇ ಅಲ್ಲ. ‘ಕನ್ನಡ’ ಅನ್ನುವ ಪದದೊಳಗೇ ಅದಕ್ಕೆ ಪೌಂಡ್ ಚಿಹ್ನೆ ಸಿಗುತ್ತದೆ!

ಅದನ್ನು ಯೂನಿಕೋಡಿಗೆ, ಅಂದರೆ ಫೋನಿಗೆ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಪ್ರೋಗ್ರಾಮ್ ಬರೆಯಲು ಕೂತೆ. ಹಳೇ ಸಂಕೇತ ಯಾವ ಕನ್ನಡ ಅಕ್ಷರ ಅನ್ನುವ ಪಟ್ಟಿ ಬೇಕು. ‘ಮ’ದ ಸಂಕೇತ ‘ವ’ದ ಸಂಕೇತವನ್ನು ನುಂಗಿಕೊಂಡಿರುವುದರಿಂದ ಉದ್ದದ ತುಂಡನ್ನು ಮೊದಲು ಹೊಂದಿಸಬೇಕು. ಇದೆಲ್ಲ ಹೇಗೋ ಆಯಿತು, ಬಿಡಿ. ನನ್ನನ್ನು ಅಳಿಸಿದ್ದು ಅರ್ಕಾವತ್ತು ಒಂದೇ, ಅಂದರೆ ‘ರ್’ ಬದಲಿಗೆ ಅಕ್ಷರದ ಬಲಕ್ಕೆ ಬರೆಯುವ ‘೯’ರಂಥ ಗುರುತು.

ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಕೂರುತ್ತದೆ, ಅಂದರೆ ಅಕ್ಷರದ ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು ಬರಬೇಕು. ಇದ್ದಲ್ಲೇ ಬದಲಾಯಿಸಿದರೆ ‘ಹರ್ಷವರ್ಧನ’ ಹೋಗಿ ‘ಹಷರ್ವಧರ್ನ’ ಆಗುತ್ತದೆ. ಪರದೆಯಲ್ಲಿ ನೋಡಿ, ಅರ್ಕಾವತ್ತು ಒಂದು ಮನೆ ಮುಂದೆ ಹೋಗಿದೆ ಅಷ್ಟೆ. ಕಣ್ಣು ತಾನೇ ಸರಿ ಮಾಡಿಕೊಂಡು ಓದಿಬಿಡುತ್ತದೆ. ನಾನು ಎರಡು ಸಲ ತಿದ್ದಿಯೂ ಹೀಗೇ ದಾಟಿ ಹೋಗಿದ್ದೆ. ಅಣ್ಣ ಮೊದಲ ವಾಕ್ಯದಲ್ಲೇ ಫೋನ್ ನಿಲ್ಲಿಸಿ, “ಇದ್ಯಾವ ರಾಜ ಅಮ್ಮಾ, ನಮ್ ಸಿಲಬಸ್‌ನಲ್ಲಿ ಇಲ್ಲ” ಅಂದರು.

ನಮ್ಮ ಇತಿಹಾಸದಲ್ಲಿ ಅರ್ಕಾವತ್ತು ಎಷ್ಟೊಂದು ಇದೆ ಗೊತ್ತಾ? ಮಯೂರವರ್ಮ, ದುರ್ವಿನೀತ, ಅಮೋಘವರ್ಷ, ಕವಿರಾಜಮಾರ್ಗ. ಪುಲಕೇಶಿ ಒಬ್ಬ ಪುಣ್ಯಾತ್ಮ ತಪ್ಪಿಸಿಕೊಂಡಿದ್ದಾನೆ ಅಂದುಕೊಂಡರೆ, ಅವನು ಹರ್ಷವರ್ಧನನನ್ನು ತಡೆದದ್ದು ನರ್ಮದೆಯ ದಂಡೆಯಲ್ಲಿ! 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ, ಹರ್ಷನ ಹರ್ಷವೇ ಕರಗಿಹೋಯಿತು ಅಂತ ಶ್ಲೇಷೆ ಮಾಡಿದ್ದಾನೆ. ನಮ್ಮ ಫೈಲಿನಲ್ಲಿ ಹರ್ಷನ ಜೊತೆಗೆ ರವಿಕೀರ್ತಿಯೂ ಕರಗಿದ್ದ.

ಮೊದಲ ಪ್ರಯತ್ನದಲ್ಲಿ ‘ರ್’ ಅನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿದೆ. ಹರ್ಷ ಬಂದ, ವರ್ಮ ಬಂದ. ‘ಕೀರ್ತಿ’ ಕೆಟ್ಟಿತು. ಯಾಕೆಂದರೆ ‘ತಿ’ ಅಂದರೆ ತ ಮತ್ತು ಗುಡಿಸು. ರ್ ಅವೆರಡರ ನಡುವೆ ಸಿಕ್ಕಿಕೊಂಡಿತು. ಗುಡಿಸಿಗೊಂದು ನಿಯಮ ಹಾಕಿದೆ. ಆಗ ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಯಿತು. ಈ ತಪ್ಪನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ, ಅಲ್ವಾ? ಅದು ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಆವತ್ತು ಅರ್ಥವಾಯಿತು.

ಈ ನಡುವೆ, ಆ ನೋಟ್ಸ್ ಟೈಪ್ ಮಾಡಿಕೊಟ್ಟ ಡಿಟಿಪಿ ಅಂಗಡಿಯ ಬಗ್ಗೆ ಹೇಳಲೇಬೇಕು. ಮೂಲ ಫೈಲ್ ಕೊಡಿ ಅಂತ ನಾಲ್ಕು ಸಲ ಹೋದೆ. “ನಾಳೆ ಬನ್ನಿ” ಅಂತಲೇ ಕಳಿಸಿದರು. ಐದನೇ ಸಲ ಕೊಟ್ಟದ್ದು ನೋಟ್‌ಪ್ಯಾಡಿಗೆ ಸುರಿದ ಫೈಲು. ಫಾಂಟಿನ ಹೆಸರೇ ಮಾಯ! ಹಾಗಾಗಿ ಎಲ್ಲಿ ನುಡಿ, ಎಲ್ಲಿ ನಿಜವಾದ ಇಂಗ್ಲಿಷ್ ಅಂತ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ಅವನ್ನು ಕೈಯಲ್ಲೇ ತಿದ್ದಿದೆ. ಎರಡು ಭಾನುವಾರ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಇದು. ಮೊದಲ ಸುತ್ತಿನಲ್ಲಿ ಅರ್ಕಾವತ್ತನ್ನು ಮುಟ್ಟಬೇಡಿ. ಅಲ್ಲೊಂದು ಹ್ಯಾಶ್ ಗುರುತು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿ. ಎರಡನೇ ಸುತ್ತಿನಲ್ಲಿ ಆ ಗುರುತಿನಿಂದ ಹಿಂದಕ್ಕೆ ನಡೆಯಿರಿ. ಸ್ವರಚಿಹ್ನೆ ಸಿಕ್ಕರೆ ದಾಟಿ. ಒತ್ತಕ್ಷರ ಸಿಕ್ಕರೆ ಅದನ್ನೂ, ಅದರ ವಿರಾಮವನ್ನೂ (ಒತ್ತಕ್ಷರಕ್ಕೆ ಮೊದಲು ಬರುವ ‘್’ ಗುರುತು) ದಾಟಿ. ಮೂಲ ವ್ಯಂಜನ ಸಿಕ್ಕ ಕೂಡಲೇ ಅದರ ಮುಂಚೆ ‘ರ್’ ಇಡಿ. ಅಕ್ಷರಗಳ ಮಾದರಿ ಹುಡುಕಿ ಬದಲಾಯಿಸುವ ಸೂತ್ರವಾದ ರೆಜೆಕ್ಸ್‌ನಲ್ಲಿ ಒಂದೇ ಸಾಲು. ಆದರೂ ‘ನಿರ್ದೇಶನ’ ನಾಲ್ಕು ಕಡೆ ಕೆಟ್ಟೇ ಇತ್ತು. ಅಲ್ಲಿ ಅರ್ಕಾವತ್ತನ್ನು ದೀರ್ಘದ ಗುರುತಿಗಿಂತ ಮೊದಲು ಒತ್ತಿದ್ದರು! ಮೊದಲೇ ಅವೆರಡನ್ನೂ ಅದಲುಬದಲು ಮಾಡಿದ ಮೇಲೆ ಎಲ್ಲ ಸರಿಹೋಯಿತು.

ವರ್ಷದ 120 ಗಂಟೆ ಸೇವೆಯಲ್ಲಿ 31 ಗಂಟೆ ಇದಕ್ಕೇ ಹೋಗಿದೆ. ನನಗೆ ಒಂದು ಗಂಟೆಯೂ ದಂಡ ಅನ್ನಿಸಿಲ್ಲ.

ಅಂದಹಾಗೆ, ಮುಂದೆ ಗ್ರಂಥಾಲಯದ ಕಪಾಟುಗಳಿಗೆ ಬ್ರೈಲ್ ಚೀಟಿ ಅಂಟಿಸಬೇಕು ಅಂತಿದ್ದೇನೆ. ಸ್ಲೇಟು, ಸ್ಟೈಲಸ್ ತಂದಾಗಿದೆ. ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುಗಿಸಿದರೆ ಎಡದಿಂದ ಓದಬಹುದು. ಬರೀ ಆರು ಚುಕ್ಕೆ, ಅರ್ಕಾವತ್ತು ಅನ್ನುವ ಆಕಾರವೇ ಅಲ್ಲಿಲ್ಲ. ಎಷ್ಟು ನೆಮ್ಮದಿ! ದಪ್ಪ ಹಾಳೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಇಲ್ಲಿನ ಸ್ಟೇಷನರಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಮದುವೆ ಕಾರ್ಡು ತೋರಿಸಿದರು.

ನಿನ್ನೆ ಅಣ್ಣ ಚಾಲುಕ್ಯರ ಅಧ್ಯಾಯವನ್ನು ಎರಡು ಸಲ ಪೂರ್ತಿ ಕೇಳಿದರು. ಎಲ್ಲೂ ನಿಲ್ಲಿಸಲಿಲ್ಲ. ಆಮೇಲೆ, “ಆ ‘ಕ್ರಿ.ಶ.’ ಅನ್ನೋದನ್ನ ‘ಕ್ರಿಸ್ತ ಶಕ’ ಅಂತ ಬಿಡಿಸಿ ಬರಿ, ಫೋನು ತೊದಲುತ್ತೆ” ಅಂದರು. ಅಲ್ಲೇ ಕೂತು ಬದಲಾಯಿಸಿ ಕಳಿಸಿದೆ. ಮುಂದಿನ ಭಾನುವಾರಕ್ಕೆ ಹೊಯ್ಸಳರು ಬೇಕಂತೆ. ಮೊದಲ ಪುಟದಲ್ಲೇ ವಿಷ್ಣುವರ್ಧನ ಇದ್ದಾನೆ.