ಒತ್ತಲ್ಲ ಅಂದ್ರೆ ಒತ್ತಲ್ಲ

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಇನ್ನೂ ಕಪ್ಪಗಿವೆ. ನಿಂಬೆಹಣ್ಣು, ಸೀಮೆಎಣ್ಣೆ, ಪಾತ್ರೆ ಉಜ್ಜುವ ನಾರು ಎಲ್ಲ ಆಯ್ತು. ಹೋಗಲ್ಲ. ಮೈಸೂರಿನ ಕಾರ್ಖಾನೆಯಿಂದ 1962ರಿಂದ ಇಡೀ ದೇಶದ ಚುನಾವಣೆಗೆ ಹೋಗುತ್ತಿರುವ ಶಾಯಿ, ನನ್ನ ಅರ್ಧ ಹೋಳು ನಿಂಬೆಗೆ ಹೆದರುತ್ತಾ? ಮೊನ್ನೆ ಮಂಗಳವಾರ, 2024ರ ಮೇ 7ರ ಲೋಕಸಭಾ ಚುನಾವಣೆಗೆ, ಜಗಳೂರು ತಾಲ್ಲೂಕಿನ ಒಂದು ಹಳ್ಳಿ ಬೂತಿನಲ್ಲಿ ಬೆಳಗ್ಗೆ ಏಳರಿಂದ ಸಂಜೆ ಆರರ ತನಕ ಊರವರ ಎಡಗೈ ಬೆರಳಿಗೆ ಗೆರೆ ಎಳೆದಿದ್ದೇನೆ. ಎಳೆಯುವವಳ ಕೈಗೂ ಮೆತ್ತಿಕೊಳ್ಳದೆ ಇರುತ್ತಾ.

ಕೆಲಸ ನೋಡೋಕೆ ಸುಲಭ. ಮೊದಲ ಟೇಬಲ್‌ನವರು ಹೆಸರು, ಕ್ರಮಸಂಖ್ಯೆ ಕೂಗುತ್ತಾರೆ. ನಾನು 17ಎ ರಿಜಿಸ್ಟರ್‌ನಲ್ಲಿ ಬರೆದು, ಸಹಿ ಇಲ್ಲಾ ಹೆಬ್ಬೆಟ್ಟು ಹಾಕಿಸಿಕೊಂಡು, ಇಂಕ್ ಹಚ್ಚಿ, ಚೀಟಿ ಕೊಡಬೇಕು. ಮೂರನೆಯವರು ಚೀಟಿ ಇಸಿದುಕೊಂಡು ಬ್ಯಾಲೆಟ್ ಬಟನ್ ಒತ್ತುತ್ತಾರೆ. ಓಟಿನವರು ರಟ್ಟಿನ ಮರೆಗೆ ಹೋಗಿ ಒತ್ತಿದ ಮೇಲೆ ಉದ್ದಕ್ಕೆ ಒಂದು ಸದ್ದು ಬರುತ್ತೆ. ಆ ಸದ್ದು ಬಂದರೆ ನಮಗೆಲ್ಲ ಸಮಾಧಾನ. ಮುಂದಿನವರು ಬನ್ನಿ.

ಹನ್ನೊಂದೂವರೆ ಇರಬಹುದು. ಬಿಸಿಲು ನೆತ್ತಿಗೇರುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಐವತ್ತರ ಆಸುಪಾಸಿನ ಒಬ್ಬರು ಬಂದರು. ಬಿಳಿ ಅಂಗಿ, ಜೇಬಿನಲ್ಲಿ ಬೀಡಿ ಕಟ್ಟು. ಪೆನ್ನು ಕೊಟ್ಟೆ. ಹೆಬ್ಬೆಟ್ಟು ಅಲ್ಲ, ಸಹಿ. ಅದೂ ನನ್ನ ಅಕ್ಷರಕ್ಕಿಂತ ದುಂಡಗಿತ್ತು. ಎಡಗೈ ತಾವೇ ಮುಂದೆ ಚಾಚಿದರು. ಇಂಕ್ ಹಚ್ಚಿದೆ. ಚೀಟಿ ಹರಿಯುವಾಗ ಬಗ್ಗಿ, ಮೆಲ್ಲಗೆ ಅಂದರು:

"ಮೇಡಂ, ನಾನು ಒತ್ತಲ್ಲ."

"ಒತ್ತಲ್ಲ ಅಂದ್ರೆ?"

"ಒತ್ತಲ್ಲ ಅಂದ್ರೆ ಒತ್ತಲ್ಲ."

ಇಷ್ಟೇ. ಮೂರು ಮಾತು. ಮಂಗಳವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಅವರು ಹೇಳಿದ್ದಕ್ಕಿಂತ ಜಾಸ್ತಿ, ನಾನು ಕೇಳಿದ ಪ್ರಶ್ನೆ. ಅವರು ಮೆಲ್ಲಗೆ ಹೇಳಿದ್ದರು. ನಾನು ಮೂರನೇ ಕ್ಲಾಸಿಗೆ ಕೇಳುವ ದನಿಯಲ್ಲಿ ಕೇಳಿದೆ. ಹದಿನೆಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಅಭ್ಯಾಸ, ಏನು ಮಾಡೋದು. ಬೆಂಚಿನ ಮೇಲೆ ಕೂತಿದ್ದ ಮೂವರು ಏಜೆಂಟರೂ ಒಟ್ಟಿಗೆ ತಲೆ ಎತ್ತಿದರು.

ನಮ್ಮ ಪಿಆರ್‌ಓ ಸಾಹೇಬರು, ಅಂದರೆ ಬೂತಿನ ಮುಖ್ಯ ಅಧಿಕಾರಿ, ಒಳ್ಳೆಯವರು, ಆದರೆ ಪುಕ್ಕಲು. ಎದ್ದು ಬಂದವರೇ "ಯಾಕ್ರೀ, ಏನಾಯ್ತು? ಯಾರೂ ಇಷ್ಟ ಇಲ್ಲ ಅಂದ್ರೆ ನೋಟಾ ಐತಲ್ಲ, ಕೊನೇ ಬಟನ್, ಅದನ್ನ ಒತ್ರಿ" ಅಂದರು.

ಅವರು ಸಾಹೇಬರ ಮುಖ ನೋಡಿ, "ಅದೂ ಒತ್ತೋದೇ ಅಲ್ವಾ ಸಾರ್?" ಅಂದರು.

ಸಿಟ್ಟಿಲ್ಲ, ವ್ಯಂಗ್ಯ ಇಲ್ಲ. ಲೆಕ್ಕ ತಪ್ಪಿದ್ದನ್ನು ತಿಳಿಸಿ ಹೇಳುವ ಹಾಗೆ. ಸಾಹೇಬರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಇದಕ್ಕೂ ಒಂದು ನಿಯಮ ಇದೆ. 49-ಓ ಅಂತ. ಟ್ರೈನಿಂಗ್‌ನಲ್ಲಿ ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದ್ದರು, ಯಾರಿಗೂ ಬೇಕಾಗಲ್ಲ ಅಂತ. ಸಹಿ ಮಾಡಿದ ಮೇಲೆ ಓಟು ಹಾಕೋದು ಬೇಡ ಅಂದರೆ ಬಲವಂತ ಮಾಡುವ ಹಾಗಿಲ್ಲ. ರಿಜಿಸ್ಟರ್‌ನಲ್ಲಿ ಅವರ ಹೆಸರಿನ ಮುಂದೆ ಷರಾ ಬರೆದು, ಅದಕ್ಕೂ ಅವರ ಸಹಿ ಹಾಕಿಸಿಕೊಂಡು ಕಳಿಸಬೇಕು. ಸಾಹೇಬರು ಪುಸ್ತಕ ತೆಗೆದು, ಕನ್ನಡಕ ಹುಡುಕಿ, ಓದಿ, "ಮತ ಹಾಕಲು ನಿರಾಕರಿಸಿದರು" ಅಂತ ಬರೆದರು. ಆ ಐದು ನಿಮಿಷ ಇಡೀ ಸಾಲು ಬಾಗಿಲಲ್ಲಿ ಕತ್ತು ಹಾಕಿ ನೋಡುತ್ತಿತ್ತು. ಅವರು ಇನ್ನೊಂದು ಸಹಿ ಹಾಕಿದರು. ಮೊದಲಿನಷ್ಟೇ ದುಂಡಗೆ. ಹೋದರು.

ಹೋದದ್ದೇ ತಡ, ಬೆಂಚು ಶುರುವಾಯ್ತು. "ಅವನಿಗೆ ಬಂದಿರಲ್ಲ ಬಿಡ್ರಿ" ಅಂದ ಒಬ್ಬ, ಮಂಡಕ್ಕಿ ಮೆಲ್ಲುತ್ತಾ. ಏನು ಬಂದಿರಲ್ಲ ಅಂತ ಯಾರೂ ಕೇಳಲಿಲ್ಲ. "ಮನೆ ಬಿಲ್ ಆಗಿಲ್ಲ, ಅದಕ್ಕೆ" ಅಂದ ಇನ್ನೊಬ್ಬ. ಮೂರನೆಯವನು, "ಅವನು ಮೊದ್ಲಿಂದ್ಲೂ ಹಂಗೇ" ಅಂದ. ನನಗೆ ಈ ಮೂರನೆಯವನ ಮೇಲೇ ಜಾಸ್ತಿ ಸಿಟ್ಟು ಬಂತು. ಹಂಗೇ ಅಂದರೆ ಹೆಂಗೆ? ದಿನವಿಡೀ ಎದುರುಬದುರು ಪಕ್ಷದವರಾಗಿ ಕೂತಿದ್ದ ಈ ಮೂವರು ಒಂದಾದದ್ದು ಅದೊಂದೇ ಸಲ.

ಮಧ್ಯಾಹ್ನ ಊಟ ತಂದ ಹೆಣ್ಣುಮಗಳು ಡಬ್ಬಿ ಇಡುವ ಮೊದಲೇ ಕೇಳಿದಳು, "ಯಾರೋ ಒತ್ಲಿಲ್ಲಂತಲ್ರೀ?" ಆಗ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯ್ತು. ಆ ಮನುಷ್ಯ ಇಂಕ್ ಬೇಡ ಅಂದಿರಲಿಲ್ಲ. ಕೈ ತಾನೇ ಚಾಚಿದ್ದ. ಬೆರಳಿಗೆ ಗೆರೆ ಇದ್ದರೆ ಊರಲ್ಲಿ ಯಾರೂ ಏನೂ ಕೇಳಲ್ಲ, ಹಾಕಿದೆ ಅಂದುಕೊಳ್ಳುತ್ತಾರೆ. ಯಾರಿಗೂ ಗೊತ್ತಾಗದ ಹಾಗೆ ಹಾಕದೆ ಹೋಗಬೇಕು ಅಂತ ಬಂದಿದ್ದನೇನೋ. ನಾನು ಕೂಗಿ ಕೇಳಿ ಊರಿಗೆಲ್ಲ ಹಂಚಿದೆ.

2013ರ ಸೆಪ್ಟೆಂಬರ್ 27ಕ್ಕೆ ಸುಪ್ರೀಂ ಕೋರ್ಟು ನೋಟಾ ಬಟನ್ ಇಡಿ ಅಂದಿದ್ದೇ ಇದಕ್ಕೆ. 49-ಓ ಪ್ರಕಾರ ಹಾಕದವರ ಹೆಸರು ರಿಜಿಸ್ಟರ್‌ಗೆ ಹೋಗುತ್ತೆ, ಕೋಣೆಯಲ್ಲಿ ಇದ್ದವರಿಗೆಲ್ಲ ಗೊತ್ತಾಗುತ್ತೆ, ಗುಟ್ಟು ಉಳಿಯಲ್ಲ ಅಂತ. ಹಾಕಿದವರ ಗುಟ್ಟು ಕಾಯುವ ಹಾಗೆ ಹಾಕದವರ ಗುಟ್ಟೂ ಕಾಯಬೇಕು. ಸರಿಯಾದ ಮಾತೇ. ಆದರೆ ನೋಟಾಕ್ಕೆ ಎಷ್ಟೇ ಬೀಳಲಿ, ಉಳಿದವರಲ್ಲಿ ಜಾಸ್ತಿ ತಗೊಂಡವರೇ ಗೆಲ್ಲೋದು. ಅದು ಆ ಮನುಷ್ಯನಿಗೆ ಗೊತ್ತಿತ್ತೋ ಇಲ್ಲವೋ. ಅವನ ತಕರಾರು ಅದಕ್ಕಿಂತ ಹಿಂದಿನದು. ಒತ್ತೋದೇ ಬೇಡ.

ಹಿಂದಿನ ರಾತ್ರಿ ಶಾಲೆಯ ಜಗುಲಿಯಲ್ಲಿ ಸೊಳ್ಳೆಬತ್ತಿ ಹಚ್ಚಿಕೊಂಡು ಕೂತಾಗ ಸಾಹೇಬರು ಸಂತೇಮರಹಳ್ಳಿ ಕಥೆ ಹೇಳಿದ್ದರು. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟು. ಸೋತವರ ಕಾರಿನ ಡ್ರೈವರೇ ಓಟು ಹಾಕಿರಲಿಲ್ಲ ಅಂತ ಮಾತಿದೆ. ಪ್ರತಿ ಚುನಾವಣೆಗೂ ಈ ಕಥೆ ಬರುತ್ತೆ, ನಾನೂ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದು ಯಾರಾದರೂ ಒಬ್ಬರು ಗೆಲ್ಲಲಿ ಅಂತ ಇರುವವರಿಗೆ ಹೇಳುವ ಕಥೆ. ಯಾರು ಗೆದ್ದರೂ ಅಷ್ಟೇ ಅನ್ನುವವರಿಗೆ ಏನು ಹೇಳೋದು?

ಹಾಗಂತ ಹಾಕದವರನ್ನೆಲ್ಲ ಹೊಗಳೋಕೆ ನಾನು ಹೊರಟಿಲ್ಲ. ನನ್ನ ತಮ್ಮ ಬೆಂಗಳೂರಲ್ಲಿ ಇದ್ದಾನೆ, ಹೆಸರು ಇಲ್ಲೇ ದಾವಣಗೆರೆ ಪಟ್ಟಿಯಲ್ಲಿ. ಅಲ್ಲಿ ಏಪ್ರಿಲ್ 26ಕ್ಕೆ ಚುನಾವಣೆ, ರಜೆ. ಆ ರಜೆಗೆ ಮನೆಗೆ ಬಂದು, ಭಾನುವಾರದ ತನಕ ಬೆಣ್ಣೆದೋಸೆ ತಿಂದು ಹೋದ. ಮೇ 7ಕ್ಕೆ "ರಜೆ ಇಲ್ಲ ಅಕ್ಕಾ" ಅಂದ. ಬೇಕು ಅಂದಿದ್ದರೆ ಸಿಗುತ್ತಿತ್ತು, ಮದುವೆ ಇದ್ದರೆ ಸಿಗಲ್ವಾ? ಸಂಜೆ ಮನೆಯ ಗ್ರೂಪಿನಲ್ಲಿ "ವೋಟ್ ಮಾಡಿ" ಅಂತ ಚಿತ್ರ ಬೇರೆ ಹಾಕಿದ್ದ. ಅವನ ಹೆಸರಿನ ಮುಂದೆ ಯಾರೂ ಷರಾ ಬರೆಯಲಿಲ್ಲ. ಮನೆಯಲ್ಲಿ ಕೂತವರಿಗೆ ರಿಜಿಸ್ಟರ್ ಇಲ್ಲ. ಬಿಸಿಲಲ್ಲಿ ಸಾಲಿಗೆ ನಿಂತು ಬಂದು ಬೇಡ ಅಂದವನಿಗೆ ಮಾತ್ರ ಎರಡು ಸಹಿ.

ಊರಿಗೆ ಊರೇ ಬಹಿಷ್ಕಾರ ಅಂದರೆ ತಹಶೀಲ್ದಾರರ ಜೀಪು ಬರುತ್ತೆ, ಮಾತುಕತೆ ಆಗುತ್ತೆ, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಬಂದು ಹಾಕುತ್ತಾರೆ. ಒಬ್ಬನೇ ಬೇಡ ಅಂದರೆ ಜೀಪು ಬರಲ್ಲ. ಯಾಕಪ್ಪಾ ಅಂತ ಕೇಳೋರೂ ಇಲ್ಲ. ನಾನೂ ಯಾಕೆ ಅಂತ ಕೇಳಲಿಲ್ಲ ನೋಡಿ. "ಅಂದ್ರೆ?" ಅಂತ ಕೇಳಿದೆ.

ಸಂಜೆ ಲೆಕ್ಕಕ್ಕೆ ಕೂತಾಗ ರಿಜಿಸ್ಟರ್‌ಗಿಂತ ಮೆಷಿನ್ ಒಂದು ಕಡಿಮೆ ತೋರಿಸಿತು. ಸಾಹೇಬರ ಹಣೆಯಲ್ಲಿ ಬೆವರು. "ಒಂದು ಎಲ್ಲಿ ಹೋಯ್ತ್ರೀ?" ಮತ್ತೆ ಕೂಡಿದರು, ಮತ್ತೆ ಒಂದು ಕಡಿಮೆ. ಮೂರನೇ ಸಲಕ್ಕೆ ನಾನೇ ನೆನಪಿಸಿದೆ. 17ಸಿ ಫಾರಂನಲ್ಲಿ ಅದಕ್ಕೇ ಅಂತ ಒಂದು ಸಾಲು ಇದೆ, ಓಟು ಹಾಕದಿರಲು ತೀರ್ಮಾನಿಸಿದವರ ಸಂಖ್ಯೆ. ಅಲ್ಲಿ 1 ಅಂತ ಬರೆದಾಗ ಲೆಕ್ಕ ಕೂಡಿತು. ಏಜೆಂಟರಿಗೂ ಒಂದೊಂದು ಪ್ರತಿ ಕೊಟ್ಟೆವು.

ಇನ್ನೊಂದು ಹೇಳಬೇಕು. ನಾನೂ ಓಟು ಹಾಕಿಲ್ಲ. ನಮ್ಮದು ಅದೇ ಲೋಕಸಭಾ ಕ್ಷೇತ್ರ, ಇಡಿಸಿ, ಅಂದರೆ ಚುನಾವಣಾ ಕೆಲಸದವರಿಗೆ ಕೊಡುವ ಪ್ರಮಾಣಪತ್ರ, ಇದ್ದಿದ್ದರೆ ಕೆಲಸ ಮಾಡುತ್ತಿದ್ದ ಬೂತಿನಲ್ಲೇ ಹಾಕಬಹುದಿತ್ತು. ಅದಕ್ಕೆ 12ಎ ಫಾರಂ ಕೊಡಬೇಕು. ನಿಟ್ಟುವಳ್ಳಿಯಿಂದ ಮನೆ ಬದಲಾಯಿಸಿ, ಪಟ್ಟಿಯಲ್ಲೂ ವಿಳಾಸ ಬದಲಾಯಿಸಿಕೊಂಡಿದ್ದೆ. ಫಾರಂನಲ್ಲಿ ಮಾತ್ರ ಹಳೇ ಭಾಗದ ಸಂಖ್ಯೆ ಬರೆದೆ. ಇಡಿಸಿ ಬರಲಿಲ್ಲ. ಯಾರ ತಪ್ಪೂ ಅಲ್ಲ, ನನ್ನದೇ. ಮಾರ್ಚ್‌ನಲ್ಲಿ ಮಕ್ಕಳ ಕೈಲಿ ಫಲಕ ಹಿಡಿಸಿ, "ತಪ್ಪದೇ ಮತ ಹಾಕಿ" ಅಂತ ಬೀದಿಬೀದಿ ಕೂಗಿಸಿದ್ದೆ.

ನಿನ್ನೆ ಸಂಜೆ ದೋಸೆ ಹೋಟೆಲಿಗೆ ಹೋಗಿದ್ದೆವು. ಕಾವಲಿ ಮುಂದೆ ನಿಂತಿದ್ದ ಹುಡುಗ ನನ್ನ ಬಲಗೈ ನೋಡಿ ನಕ್ಕ. "ಏನ್ ಮೇಡಂ, ಎಷ್ಟು ಓಟು ಹಾಕಿದ್ರಿ? ಮೂರು ಬೆರಳಿಗೂ ಐತಲ್ಲ!" ಅಕ್ಕಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ಒಂದೂ ಹಾಕಿಲ್ಲ ಕಣಪ್ಪಾ ಅನ್ನಬಹುದಿತ್ತು.

"ಹಾಕಿದೆ ಬಿಡಪ್ಪಾ, ನೀನು ಖಾಲಿ ದೋಸೆ ಹಾಕು" ಅಂದೆ. ಎಡಗೈ ಟೇಬಲ್ ಕೆಳಗೇ ಇಟ್ಟುಕೊಂಡಿದ್ದೆ.