ಗುಲ್ಕಾನಾ ನದಿ, ಬೆನ್ನ ಮೇಲೆ ದೋಣಿ

ಸೆಪ್ಟೆಂಬರ್ 14, 2025, ಭಾನುವಾರ
ಆಂಕರೇಜ್, ಅಲಾಸ್ಕಾ

ಪಕ್ಕದ ಮನೆಯವರೂ ನಾನೂ ಮೂಸ್ (ಇಲ್ಲಿನ ದೈತ್ಯ ಜಿಂಕೆ) ಬೇಟೆಗೆ ಹೋಗಿ, ನಿನ್ನೆ ರಾತ್ರಿ ಗುಲ್ಕಾನಾ ನದಿಯಿಂದ ವಾಪಸ್ ಬಂದೆವು. ಇವತ್ತು ಬೆಳಿಗ್ಗೆಯಿಂದ ಪ್ಯಾಕ್‌ರಾಫ್ಟ್‌ಗಳನ್ನು ತೊಳೆದು, ಒರೆಸಿ, ಗ್ಯಾರೇಜಿನಲ್ಲಿ ಒಣಗಲು ಹಾಕಿದ್ದೇನೆ. ಮೂಸ್ ತರಲಿಲ್ಲ. ಕಾಣಿಸಲಿಲ್ಲ ಅಂತಲ್ಲ, ಎದುರಿಗೇ ನಿಂತಿತ್ತು, ಪಕ್ಕದ ಮನೆಯವರು ಗುಂಡು ಹಾರಿಸಲಿಲ್ಲ. ಯಾಕೆ ಅಂತ ಮರೆಯುವ ಮುಂಚೆ ಬರೆದಿಡುತ್ತೇನೆ.

ಪ್ಯಾಕ್‌ರಾಫ್ಟ್ ನೋಡಿಲ್ಲದವರಿಗೆ ಮೊದಲು ಒಂದೆರಡು ಮಾತು. ಇದು ಗಾಳಿ ತುಂಬುವ ಪುಟ್ಟ ದೋಣಿ. ಟಿಪಿಯು ಪ್ಲಾಸ್ಟಿಕ್ ಹಚ್ಚಿದ ನೈಲಾನ್ ಬಟ್ಟೆಯಿಂದ ಮಾಡಿರುತ್ತಾರೆ. ಒಬ್ಬರು ಕೂರುವ ದೋಣಿ 2ರಿಂದ 4 ಕಿಲೋ, ಸುತ್ತಿದರೆ ಬೆನ್ನಚೀಲದಲ್ಲಿ ಹಿಡಿಯುತ್ತದೆ. ಪಂಪ್ ಬೇಡ. ತೆಳು ಬಟ್ಟೆಯ ದೊಡ್ಡ ಚೀಲ ಇರುತ್ತದೆ, ಅದರಲ್ಲಿ ಗಾಳಿ ಹಿಡಿದು, ಬಾಯಿ ತಿರುಚಿ, ಅದುಮಿ ಅದುಮಿ ದೋಣಿಯೊಳಗೆ ತಳ್ಳುವುದು, ಕೊನೆಗೆ ಬಾಯಿಂದ ಊದಿ ಬಿಗಿ ಮಾಡುವುದು. ತಣ್ಣೀರಿಗೆ ಇಳಿಸಿದ ಸ್ವಲ್ಪ ಹೊತ್ತಿಗೆ ಒಳಗಿನ ಗಾಳಿ ಕುಗ್ಗಿ ದೋಣಿ ಮೆತ್ತಗಾಗುತ್ತದೆ. ಹೊಸಬರು ತೂತಾಯಿತು ಅಂತ ಗಾಬರಿ ಬೀಳುತ್ತಾರೆ. ಇನ್ನೊಂದು ಸಲ ಊದಿದರೆ ಸರಿಹೋಗುತ್ತದೆ. ಹಂಪಿಯಲ್ಲಿ ತುಂಗಭದ್ರೆ ದಾಟಿಸುವ ಹರಿಗೋಲಿನ ಹಾಗೆ ಇದೂ ನೀರಿನ ಮೇಲ್ಮೇಲೆಯೇ ಸಾಗುತ್ತದೆ, ಮೊಣಕಾಲುದ್ದ ನೀರಿದ್ದರೂ ಸಾಕು, ಆದರೆ ಹುಟ್ಟು ಹಾಕುವುದನ್ನು ಬಿಟ್ಟರೆ ಗಿರ್ರನೆ ತಿರುಗಲು ಶುರು ಮಾಡುತ್ತದೆ.

ಇಲ್ಲಿಯವರಿಗೆ ಇದು ತಮ್ಮ ನೆಲದ ದೋಣಿ ಅನ್ನೋ ಹೆಮ್ಮೆ. 1982ರಲ್ಲಿ ಹೋಪ್ ಊರಿನಿಂದ ಹೋಮರ್‌ವರೆಗೆ ಕಾಡಿನಲ್ಲೇ ಸಾಗುವ ಮೊದಲ ವೈಲ್ಡರ್‌ನೆಸ್ ಕ್ಲಾಸಿಕ್ ಓಟ ನಡೆಯಿತು. ಅದರಲ್ಲಿ ಐವತ್ತು ದಾಟಿದ ಡಿಕ್ ಗ್ರಿಫಿತ್, ಹುಡುಗರೆಲ್ಲ ನದಿ ದಾಟುವುದು ಹೇಗೆ ಅಂತ ನಿಂತಿದ್ದಾಗ, ಚೀಲದಿಂದ ಗಾಳಿದೋಣಿ ತೆಗೆದು ದಾಟಿಬಿಟ್ಟರು. ಆಗಿನವು ಆಟಿಕೆಗಿಂತ ತುಸು ಗಟ್ಟಿ ಅಷ್ಟೆ. ಆಮೇಲೆ ಅಲಾಸ್ಕಾದ ಶೆರಿ ಟಿಂಗಿ ಅನ್ನುವವರು ತಮ್ಮ ಮಗ ಬ್ರೂಕ್ಸ್ ಪರ್ವತಸಾಲು ಸುತ್ತಿ ಬಂದು ಗಟ್ಟಿಯಾದ ದೋಣಿ ಬೇಕು ಅಂದಾಗ ತಾವೇ ಹೊಲಿದು ಕೊಟ್ಟರು. ಅಲ್ಪಾಕಾ ರಾಫ್ಟ್ ಕಂಪನಿ ಹುಟ್ಟಿದ್ದು ಹಾಗೆ. ಈಗ ಬೇಟೆಯವರಿಗೆಂದೇ ದೊಡ್ಡ ದೋಣಿಗಳೂ ಬರುತ್ತವೆ.

ನಾವು ಹೋಗಿದ್ದು ಗುಲ್ಕಾನಾದ ಮಿಡಲ್ ಫೋರ್ಕ್ ಕವಲಿಗೆ. ಡೆನಾಲಿ ಹೈವೇಯಲ್ಲಿ ಕಾರಿನಿಂದ ಇಳಿದು, ಸ್ವೀಡ್ ಲೇಕ್ ಹಾದಿಯಲ್ಲಿ ದೋಣಿ, ಟೆಂಟು, ಊಟ ಎಲ್ಲ ಹೊತ್ತು ನಡೆದೆವು. ಹಾದಿ ತುಂಬಾ ಕೆಸರು. ನದಿ ಸಿಕ್ಕ ಮೇಲೆ ಗಾಳಿ ತುಂಬಿ ಇಳಿದರೆ, ನೀರಿನ ಜೊತೆ ದೊಡ್ಡ ಗುಲ್ಕಾನಾಗೆ ಸೇರಿ ಸವರ್‌ಡೋ ಅನ್ನುವ ಜಾಗದ ಹತ್ತಿರ ರಿಚರ್ಡ್‌ಸನ್ ಹೈವೇಗೆ ಬಂದು ಏಳಬಹುದು. ನಡುವೆ ಕ್ಯಾನಿಯನ್ ರಾಪಿಡ್ಸ್ ಅಂತ ನೀರು ರಭಸವಾಗಿ ನುಗ್ಗುವ ಜಾಗ ಇದೆ. ಅಲ್ಲಿ ದಡದ ಹಾದಿಯಲ್ಲಿ ದೋಣಿ ಹೊತ್ತು ದಾಟಬಹುದು, ನಾವು ಹಾಗೇ ಮಾಡಿದೆವು. 1980ರಿಂದ ಈ ನದಿಗೆ ಕೇಂದ್ರ ಸರ್ಕಾರದ ಕಾನೂನಿನ ರಕ್ಷಣೆ ಇದೆ, ದಡದಲ್ಲಿ ಮನೆಮಠ ಕಾಣುವುದೇ ಅಪರೂಪ.

ಮೂರನೇ ಸಂಜೆ ಮೂಸ್ ಕಂಡಿತು. ಜೌಗಿನ ಆಚೆ, ವಿಲೋ ಪೊದೆಗಳ ನಡುವೆ ದೊಡ್ಡ ಗಂಡು. ಈ ಪ್ರದೇಶದಲ್ಲಿ ಎಲ್ಲ ಗಂಡನ್ನೂ ಹೊಡೆಯುವ ಹಾಗಿಲ್ಲ. ಕೊಂಬು ಒಂದು ತುದಿಯಿಂದ ಇನ್ನೊಂದಕ್ಕೆ 50 ಇಂಚು ಇರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲುಗಳು ಒಂದು ಬದಿಯಲ್ಲಾದರೂ ನಾಲ್ಕು ಇರಬೇಕು, ಎಳೆಯದಾದರೆ ಕೊಂಬು ಕಡ್ಡಿಯಂತೆ ಒಂಟಿ ಅಥವಾ ಎರಡೇ ಕವಲು. ಪಕ್ಕದ ಮನೆಯವರು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು. ಕವಲು ನಾಲ್ಕು ಸ್ಪಷ್ಟವಾಗಿತ್ತು. ಕಾನೂನಿನ ತೊಡಕೇನೂ ಇರಲಿಲ್ಲ.

ಆಮೇಲೆ ಅವರು ದುರ್ಬೀನು ಇಳಿಸಿ ನೆಲ ನೋಡಿದರು. ಮೂಸ್‌ನಿಂದ ನದಿಗೆ ಸುಮಾರು ಎರಡೂವರೆ ಕಿಲೋಮೀಟರ್, ಪೂರ್ತಿ ಹುಲ್ಲಿನ ಗುಪ್ಪೆ ಮತ್ತು ನೀರು. 725 ಕಿಲೋ ತೂಗುವ ಗಂಡು ಮೂಸ್‌ನಿಂದ ಸುಮಾರು 225 ಕಿಲೋ ಮಾಂಸ ಸಿಗುತ್ತದೆ. ಇಲ್ಲಿ ತಿನ್ನುವ ಮಾಂಸ ಒಂದು ತುಂಡೂ ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ, ಬಿಟ್ಟರೆ ಅಪರಾಧ. ಮಾಂಸ ಸಾಗಿಸುವ ಮುಂಚೆ ಕೊಂಬು ಒಯ್ಯುವಂತೆಯೂ ಇಲ್ಲ. ಕೆಲವು ಕಡೆ ಕಾಲಿನ ಮಾಂಸವನ್ನು ಮೂಳೆಯ ಸಮೇತವೇ ತರಬೇಕು. ಒಂದು ಹಿಂದಿನ ಕಾಲೇ 45 ಕಿಲೋ ದಾಟುವುದು ಮಾಮೂಲಿ. ಇಬ್ಬರೇ ಇರುವಾಗ ತಲಾ ನಾಲ್ಕೈದು ಸಲ ಹೋಗಿ ಬರಬೇಕು, ಅಂದರೆ ಆ ಜೌಗಿನಲ್ಲಿ ಒಬ್ಬೊಬ್ಬರೂ ಇಪ್ಪತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲ, ಅದರಲ್ಲಿ ಅರ್ಧ ಹೊರೆ ಹೊತ್ತು. ಅಷ್ಟರಲ್ಲಿ ಕರಡಿ ಬರಬಹುದು, ಬಿಸಿಲು ಬಂದರೆ ಮಾಂಸ ಕೆಡಬಹುದು. ಹೇಗೋ ದಡಕ್ಕೆ ತಂದರೂ ಎರಡು ಪುಟ್ಟ ದೋಣಿ. ಅಷ್ಟು ತೂಕಕ್ಕೆ ತೇಲುವುದೇನೋ ತೇಲಬಹುದು, ಆದರೆ ಬೇಕಾದ ಕಡೆ ತಿರುಗುವುದಿಲ್ಲ. ಅವರು ಸುಮ್ನೆ ತಲೆ ಆಡಿಸಿ, ರೈಫಲ್ ಕವರಿನೊಳಗೆ ಹಾಕಿದರು.

ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ತುಂಬಾ ಗೌರವ ಬಂತು. ಈ ದೋಣಿ ಹಗುರ. ಹೋಗುವಾಗ ಎಲ್ಲಿ ಬೇಕಾದರೂ ಹೋಗಿಬಿಡಬಹುದು, ಅದೇ ಇದರ ಅಪಾಯ. ವಾಪಸ್ ಬರುವಾಗಿನ ತೂಕವನ್ನು ಗುಂಡು ಹಾರಿಸುವ ಮುಂಚೆಯೇ ಲೆಕ್ಕ ಹಾಕಬೇಕು. ದೋಣಿ ಇದೆಯಲ್ಲ ಅಂತ ದೂರದ ಪ್ರಾಣಿಯನ್ನು ಕೊಂದು, ಅರ್ಧ ಮಾಂಸ ಕೊಳೆಯಲು ಬಿಟ್ಟರೆ, ಅದಕ್ಕಿಂತ ಹೊಲಸು ಕೆಲಸ ಇಲ್ಲ.

ಮಾಂಸ ತರುವವರಿಗೆ ಇನ್ನೊಂದು ಮಾತು. ಹೊಸ ದೋಣಿಗಳಲ್ಲಿ ಗಾಳಿ ತುಂಬುವ ಕೊಳವೆಗೇ ಜಿಪ್ ಇರುತ್ತದೆ, ಸಾಮಾನನ್ನು ಒಳಗೇ ಇಡಬಹುದು. ಟೆಂಟು, ಬಟ್ಟೆಗೆ ಅದು ಬಹಳ ಒಳ್ಳೇದು. ಮಾಂಸವನ್ನು ಮಾತ್ರ ಅಲ್ಲಿ ಹಾಕಬಾರದು, ಗಾಳಿಯಾಡದೆ ಕೆಡುತ್ತದೆ. ಗಾಳಿಯಾಡುವ ಬಟ್ಟೆಚೀಲದಲ್ಲಿ ಹಾಕಿ, ಮುಂದೆ ದೋಣಿಯ ಮೇಲೆಯೇ ಕಟ್ಟಬೇಕು. ಕೊಂಬಿನ ತುದಿಗಳಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಟೇಪ್ ಸುತ್ತದಿದ್ದರೆ ದೋಣಿಗೆ ತೂತು ಗ್ಯಾರಂಟಿ.

ಮೀನಿಗೆ ಈ ಲೆಕ್ಕವೆಲ್ಲ ಬೇಕಿಲ್ಲ, ಅದಕ್ಕೇ ನನಗೆ ಮೀನು ಇಷ್ಟ. ದೋಣಿಯಲ್ಲಿ ಕೂತೇ ಗಾಳ ಎಸೆಯುವುದಿಲ್ಲ, ಕೊಕ್ಕೆ ಬಟ್ಟೆಗೆ ಚುಚ್ಚಿದರೆ ಕೆಲಸ ಕೆಟ್ಟಿತು. ಜಲ್ಲಿಕಲ್ಲಿನ ದಿಣ್ಣೆಗೆ ಇಳಿದು, ದೋಣಿಯನ್ನು ಪೊದೆಗೆ ಕಟ್ಟಿ (ಖಾಲಿ ದೋಣಿ ಒಂದು ಜೋರು ಗಾಳಿಗೆ ಹಾರಿಹೋಗುತ್ತದೆ, ದಯವಿಟ್ಟು ಕಟ್ಟಿ!), ನೀರು ನಿಧಾನವಾಗುವ ಕಡೆ ನಿಂತರೆ ಗ್ರೇಲಿಂಗ್ ಬರುತ್ತವೆ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಇರುವ ಚಂದದ ಮೀನು. ಮನೆಯಿಂದ ಒಯ್ದಿದ್ದ ಸಾರಿನ ಪುಡಿ, ಉಪ್ಪು ಸವರಿ ಹುರಿದೆ. ಪಕ್ಕದ ಮನೆಯವರು ಪುಡಿಯ ಡಬ್ಬಿಯನ್ನೇ ಕೇಳಿ ಇಟ್ಟುಕೊಂಡರು.

ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ ಕೇಳಿದ್ದು ಒಂದೇ, "ಮುಳುಗಿದ್ರೆ ಏನೋ ಗತಿ?" ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಕೊಲ್ಲುವುದು ಆಳವಲ್ಲ, ಚಳಿ. ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಹತ್ತು ನಿಮಿಷದಲ್ಲಿ ಕೈಕಾಲು ಮಾತು ಕೇಳುವುದನ್ನು ಬಿಡುತ್ತವೆ. ಲೈಫ್ ಜಾಕೆಟ್, ಡ್ರೈ ಸೂಟ್ (ಒಳಗೆ ನೀರು ಬಿಡದ ಉಡುಪು) ಎರಡೂ ಮೈಮೇಲೆ ಇರಲೇಬೇಕು. ಲೈಟರ್ ಮತ್ತು ಸ್ಯಾಟಲೈಟ್ ಮೆಸೆಂಜರ್ ದೋಣಿಯಲ್ಲಲ್ಲ, ಜೇಬಿನಲ್ಲಿ. ದಡದಿಂದ ನೀರಿಗೆ ಬಾಗಿದ ಸ್ಪ್ರೂಸ್ ಮರ ಕಂಡರೆ ದೂರದಿಂದಲೇ ಆಚೆ ದಡಕ್ಕೆ ಸರಿಯಬೇಕು. ನೀರು ಕೊಂಬೆಗಳ ನಡುವೆ ನುಗ್ಗಿಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ.

ಬೆಂಗಳೂರಿನ ಗೆಳೆಯರು ನಾವೂ ಬಂದು ಬೇಟೆಯಾಡಬಹುದಾ ಅಂತ ಕೇಳುತ್ತಿರುತ್ತಾರೆ. ಅಮೆರಿಕದ ಪ್ರಜೆಗಳಲ್ಲದ ಪ್ರವಾಸಿಗರು ಇಲ್ಲಿ ಯಾವ ದೊಡ್ಡ ಪ್ರಾಣಿಯ ಬೇಟೆಗೂ ಲೈಸೆನ್ಸ್ ಇರುವ ಗೈಡ್ ಜೊತೆಗೇ ಹೋಗಬೇಕು, ಅದಕ್ಕೆ ದುಡ್ಡು ಸಿಕ್ಕಾಪಟ್ಟೆ. ಮೀನಿಗೆ ಫಿಶಿಂಗ್ ಲೈಸೆನ್ಸ್ ಸಾಕು. ಬನ್ನಿ, ದೋಣಿ ನಾನು ಕೊಡುತ್ತೇನೆ.

ಪಕ್ಕದ ಮನೆಯವರು ಈಗಷ್ಟೇ ಬಂದಿದ್ದರು. ಮುಂದಿನ ವರ್ಷ ಅವರ ಅಳಿಯನೂ ಬರುತ್ತಾನಂತೆ, ಇಬ್ಬರು ಕೂರುವ ದೊಡ್ಡ ದೋಣಿಯೂ ಒಂದು ಸೇರುತ್ತದೆ. ನದಿಯಿಂದ ಅರ್ಧ ಮೈಲಿಗಿಂತ ಆಚೆ ಇದ್ದರೆ ಹೊಡೆಯುವುದಿಲ್ಲ ಅಂತ ಈಗಲೇ ಮಾತಾಗಿದೆ. ಜಿಪ್ಪಿನ ಹಲ್ಲುಗಳಲ್ಲಿ ಇನ್ನೂ ಮರಳಿದೆ, ಹಳೇ ಟೂತ್ ಬ್ರಷ್ ತಗೊಂಡು ತಿಕ್ಕಿ, ಜಿಪ್‌ಗೆಂದೇ ಇರುವ ಗ್ರೀಸ್ ಹಚ್ಚಿಟ್ಟು ಮಲಗಬೇಕು.